ಅಂತರಜಾಲದ ಹರಾಜುಕಟ್ಟೆ: ಕಳುವಾದ ಹೆಸರಿಗೆ ಹೊಣೆ ಯಾರು?

ವ್ಯಾಪಾರಿಯ ಬಂಡವಾಳವು ಎರಡು ಬಗೆಯದು. ಒಂದು ಪೆಟ್ಟಿಗೆಯಲ್ಲಿರುವ ಹಣ. ಇನ್ನೊಂದು ಪೇಟೆಯಲ್ಲಿರುವ ಪತ್ತು. ಪೆಟ್ಟಿಗೆಯ ಹಣವನ್ನು ಕಳ್ಳನು ಕದ್ದೊಯ್ದರೆ ಮರಳಿ ಗಳಿಸಬಹುದು. ಪೇಟೆಯಲ್ಲಿ ಹೆಸರು ಕೆಟ್ಟರೆ ಅಂಗಡಿಯ ಬಾಗಿಲನ್ನೇ ಮುಚ್ಚಬೇಕಾಗುವುದು. ಆದರೂ ಹಿಂದಿನವರಿಗೆ ಒಂದು ಸಮಾಧಾನವಿದ್ದಿತು. ಕಳ್ಳನು ಹಣವನ್ನು ಕದಿಯಬಲ್ಲವನಾಗಿದ್ದನೇ ಹೊರತು ಹೆಸರನ್ನು ಕದಿಯಬಲ್ಲವನಾಗಿರಲಿಲ್ಲ. ಚಿಕ್ಕಪೇಟೆಯ ಜವಳಿ ವ್ಯಾಪಾರಿಯ ಗಾದಿಯ ಮೇಲೆ ಪರಸ್ಥಳದವನೊಬ್ಬನು ಬಂದು ಕುಳಿತು, ‘ಈ ಅಂಗಡಿಯ ಯಜಮಾನನು ನಾನೇ’ ಎಂದರೆ, ಅದನ್ನು ನಂಬುವ ಗಿರಾಕಿಯು ಎಲ್ಲಿಯೂ ಸಿಕ್ಕುತ್ತಿರಲಿಲ್ಲ. ಅಂತರಜಾಲದ ಹರಾಜುಕಟ್ಟೆಗಳು ಈ ಸಮಾಧಾನವನ್ನು ಕಸಿದುಕೊಂಡಿವೆ. ಅಲ್ಲಿ ವ್ಯಾಪಾರಿಯ ಮುಖವು ಕಾಣದು, ಧ್ವನಿಯು ಕೇಳದು, ಹೆಸರೊಂದೇ ಕಾಣುವುದು. ಆ ಹೆಸರಿನ ಬೀಗದ ಕೈ ಯಾರಲ್ಲಿದೆಯೋ ಆತನೇ ಯಜಮಾನನು. ಈ ಬೀಗದ ಕೈಗಳ ಕಳವನ್ನು ಕುರಿತೂ, ಅದರಿಂದಾಗುವ ನಷ್ಟವನ್ನು ಯಾರು ಹೊರಬೇಕೆಂಬ ಪ್ರಶ್ನೆಯನ್ನು ಕುರಿತೂ ಇಂದು ನಾಲ್ಕು ಮಾತುಗಳನ್ನು ಬರೆಯುವುದು ಅವಶ್ಯವೆಂದು ತೋರುತ್ತದೆ.

ಈ ವ್ಯಾಪಾರದ ಇತಿಹಾಸವು ದೀರ್ಘವಾದುದೇನೂ ಅಲ್ಲ. ೧೯೯೫ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದ ಸ್ಯಾನ್ ಹೋಸೆ ನಗರದಲ್ಲಿ ಪಿಯೇರ್ ಒಮಿಡ್ಯಾರ್ ಎಂಬ ತರುಣ ಕಂಪ್ಯೂಟರ್ ತಂತ್ರಜ್ಞನು ‘ಆಕ್ಷನ್‌ವೆಬ್’ ಎಂಬ ತಾಣವನ್ನು ತೆರೆದನು. ಅಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಸೂಚಕ. ಅದಕ್ಕೆ ಬಂದ ಬೆಲೆಯು ೧೪ ಡಾಲರು ೮೩ ಸೆಂಟುಗಳು. ೧೯೯೭ರಲ್ಲಿ ಇದೇ ತಾಣವು ‘ಈಬೇ’ ಎಂಬ ಹೆಸರನ್ನು ಪಡೆಯಿತು. ಒಬ್ಬರನ್ನೊಬ್ಬರು ಕಂಡರಿಯದ ಜನರು ಸಾವಿರಾರು ಮೈಲಿಗಳ ದೂರದಿಂದ ಹಣವನ್ನು ಕಳುಹಿಸಿ ಸಾಮಾನನ್ನು ತರಿಸಿಕೊಳ್ಳುವ ಈ ವ್ಯವಹಾರದಲ್ಲಿ ನಂಬಿಕೆಯು ಹೇಗೆ ಹುಟ್ಟಬೇಕು? ಅದಕ್ಕಾಗಿ ೧೯೯೬ರ ಫೆಬ್ರವರಿಯಲ್ಲಿಯೇ ಒಮಿಡ್ಯಾರನು ಒಂದು ಏರ್ಪಾಡನ್ನು ಮಾಡಿದನು. ಪ್ರತಿಯೊಂದು ವ್ಯವಹಾರವು ಮುಗಿದ ಮೇಲೆ ಕೊಂಡವನು ಮಾರಿದವನ ವಿಷಯವಾಗಿಯೂ, ಮಾರಿದವನು ಕೊಂಡವನ ವಿಷಯವಾಗಿಯೂ ಬಹಿರಂಗವಾಗಿ ತಮ್ಮ ಅಭಿಪ್ರಾಯವನ್ನು ಬರೆದಿಡತಕ್ಕದ್ದು. ಹೀಗೆ ಒಬ್ಬೊಬ್ಬನ ಹೆಸರಿನ ಮುಂದೆಯೂ ಆತನ ಸಚ್ಚಾರಿತ್ರ್ಯದ ಲೆಕ್ಕವು ವರುಷದಿಂದ ವರುಷಕ್ಕೆ ಬೆಳೆಯುತ್ತ ಬಂದಿತು.

ಈ ಲೆಕ್ಕಕ್ಕೆ ಹಣದ ಬೆಲೆಯುಂಟೆಂಬುದು ಬರಿಯ ಊಹೆಯ ಮಾತಲ್ಲ. ಅಮೆರಿಕದ ವಿದ್ವಾಂಸರಾದ ಪಾಲ್ ರೆಸ್ನಿಕ್, ರಿಚರ್ಡ್ ಝೆಕ್‌ಹೌಸರ್ ಮತ್ತು ಅವರ ಸಂಗಡಿಗರು ಹಳೆಯ ಚಿತ್ರಪತ್ರಗಳನ್ನು ಈಬೇಯಲ್ಲಿ ಮಾರಾಟಕ್ಕಿಟ್ಟು ಒಂದು ಪರೀಕ್ಷೆಯನ್ನು ನಡೆಸಿ, ೨೦೦೬ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಒಂದೇ ಬಗೆಯ ಕಾರ್ಡುಗಳನ್ನು ಒಬ್ಬನೇ ಮಾರಾಟಗಾರನು, ಬಹುಕಾಲದಿಂದ ಒಳ್ಳೆಯ ಹೆಸರು ಪಡೆದಿದ್ದ ತನ್ನ ಖಾತೆಯಿಂದಲೂ, ಹೊಸದಾಗಿ ತೆರೆದ ಖಾತೆಗಳಿಂದಲೂ ಮಾರಿದನು. ಹಳೆಯ ಹೆಸರಿಗೆ ಕೊಳ್ಳುವವರು ಶೇಕಡ ೮.೧ರಷ್ಟು ಹೆಚ್ಚು ಬೆಲೆಯನ್ನು ಕೊಡಲು ಸಿದ್ಧರಾಗಿದ್ದರೆಂದು ಕಂಡುಬಂದಿತು. ಸರಕು ಒಂದೇ, ಮಾರುವವನು ಒಬ್ಬನೇ; ಹೆಚ್ಚಾಗಿ ಬಂದ ಹಣವು ಹೆಸರಿಗೆ ಸಂದ ಹಣ. ಹೀಗಿರುವಲ್ಲಿ ಹೆಸರು ಒಂದು ಆಸ್ತಿಯಾಯಿತು. ಆಸ್ತಿ ಇದ್ದೆಡೆಗೆ ಕಳ್ಳನು ಬರುವುದು ಸಹಜವೇ ಸರಿ.

ಕಳ್ಳನು ಬರುವ ದಾರಿಗಳು ಮುಖ್ಯವಾಗಿ ಮೂರು. ಮೊದಲನೆಯದು ಮೋಸದ ಪತ್ರ. ‘ನಿಮ್ಮ ಖಾತೆಯನ್ನು ತಡೆಹಿಡಿಯಲಾಗಿದೆ, ಕೂಡಲೇ ಇಲ್ಲಿ ಒತ್ತಿ ಗುರುತನ್ನು ದೃಢಪಡಿಸಿರಿ’ ಎಂದು ಹರಾಜುಕಟ್ಟೆಯ ಹೆಸರಿನಲ್ಲಿಯೇ ಒಂದು ಈಮೇಲ್ ಬರುತ್ತದೆ. ಒತ್ತಿದರೆ ಅಸಲನ್ನೇ ಹೋಲುವ ನಕಲಿ ಪುಟವು ತೆರೆದುಕೊಳ್ಳುತ್ತದೆ. ಅಲ್ಲಿ ಬರೆದ ಪಾಸ್‌ವರ್ಡು ನೆಟ್ಟಗೆ ಕಳ್ಳನ ಕೈ ಸೇರುತ್ತದೆ. ಎರಡನೆಯದು, ಒಂದೇ ಬೀಗದ ಕೈಯನ್ನು ಹತ್ತು ಬಾಗಿಲುಗಳಿಗೆ ಬಳಸುವ ನಮ್ಮ ಅಭ್ಯಾಸ. ೨೦೧೨ರಲ್ಲಿ ಲಿಂಕ್‌ಡ್‌ಇನ್ ಸಂಸ್ಥೆಯಿಂದ ಕಳುವಾದ ಸುಮಾರು ೧೧.೭ ಕೋಟಿ ಸದಸ್ಯರ ಈಮೇಲ್ ವಿಳಾಸಗಳೂ ಪಾಸ್‌ವರ್ಡುಗಳೂ ೨೦೧೬ರಲ್ಲಿ ಕಳ್ಳಪೇಟೆಯಲ್ಲಿ ಮಾರಾಟಕ್ಕೆ ಬಂದವು. ಇಂಥ ಪಟ್ಟಿಗಳನ್ನು ಕೊಂಡವರು, ಅದೇ ವಿಳಾಸವನ್ನೂ ಅದೇ ಪಾಸ್‌ವರ್ಡನ್ನೂ ಯಂತ್ರದ ಸಹಾಯದಿಂದ ಇತರ ಸಾವಿರ ಬಾಗಿಲುಗಳಲ್ಲಿ ಪ್ರಯೋಗಿಸಿ ನೋಡುತ್ತಾರೆ. ತೆರೆದ ಬಾಗಿಲೆಲ್ಲ ಅವರದಾಗುತ್ತದೆ. ಮೂರನೆಯದು ಹರಾಜುಕಟ್ಟೆಯ ಗೋಡೆಗೇ ಕನ್ನ ಹಾಕುವುದು.

ಈ ಮೂರನೆಯ ದಾರಿಗೆ ಈಬೇಯ ಚರಿತ್ರೆಯಲ್ಲಿಯೇ ದೊಡ್ಡ ನಿದರ್ಶನವಿದೆ. ೨೦೧೪ರ ಮೇ ೨೧ರಂದು ಆ ಸಂಸ್ಥೆಯು ತನ್ನ ೧೪.೫ ಕೋಟಿ ಬಳಕೆದಾರರು ತಮ್ಮ ಪಾಸ್‌ವರ್ಡುಗಳನ್ನು ಬದಲಾಯಿಸಿಕೊಳ್ಳಬೇಕೆಂದು ಪ್ರಕಟಿಸಿತು. ಕೆಲವು ಮಂದಿ ನೌಕರರ ಪ್ರವೇಶಪದಗಳನ್ನು ಅಪಹರಿಸಿ, ಅದೇ ವರುಷದ ಫೆಬ್ರವರಿ ಕೊನೆಯಿಂದ ಮಾರ್ಚಿಯ ಮೊದಲ ಭಾಗದೊಳಗೆ ಕಳ್ಳರು ಸದಸ್ಯರ ದಫ್ತರವನ್ನೇ ಹೊಕ್ಕಿದ್ದರು. ಹೆಸರು, ಮನೆಯ ವಿಳಾಸ, ದೂರವಾಣಿ, ಹುಟ್ಟಿದ ದಿನ, ಗೂಢಲಿಪಿಯಲ್ಲಿದ್ದ ಪಾಸ್‌ವರ್ಡು, ಇವೆಲ್ಲವೂ ಆ ದಫ್ತರದಲ್ಲಿದ್ದವು. ಹಣಕಾಸಿನ ವಿವರಗಳು ಬೇರೆ ಕಡೆಯಲ್ಲಿದ್ದುದರಿಂದ ಅವು ಉಳಿದವೆಂದು ಸಂಸ್ಥೆಯು ಹೇಳಿತು. ಕಳವು ನಡೆದದ್ದು ಚಳಿಗಾಲದಲ್ಲಿ. ಯಜಮಾನರಿಗೆ ಸುದ್ದಿ ಮುಟ್ಟಿದ್ದು ಬೇಸಗೆಯಲ್ಲಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿಬಾಗಿಲನ್ನು ಹಾಕಿದ ಗಾದೆಯು ಇಲ್ಲಿ ಅಕ್ಷರಶಃ ಸತ್ಯವಾಯಿತು.

ಅದೇ ವರುಷದ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆಯು ಇನ್ನೊಂದು ಸಂಗತಿಯನ್ನು ಬೆಳಕಿಗೆ ತಂದಿತು. ಐಫೋನು ಮುಂತಾದ ವಸ್ತುಗಳ ಮಾರಾಟದ ಪ್ರಕಟಣೆಗಳಲ್ಲಿ ಅಡಗಿಸಿಟ್ಟ ಗಣಕಸೂಚನೆಗಳು, ಅವನ್ನು ಒತ್ತಿದ ಗಿರಾಕಿಯನ್ನು ಅವನಿಗೆ ತಿಳಿಯದಂತೆಯೇ ನಕಲಿ ಪ್ರವೇಶಪುಟಕ್ಕೆ ಸಾಗಿಸುತ್ತಿದ್ದವು. ಇಲ್ಲಿ ಗಿರಾಕಿಯು ಯಾವ ಮೋಸದ ಪತ್ರವನ್ನೂ ನಂಬಿರಲಿಲ್ಲ. ಅಸಲಿ ಹರಾಜುಕಟ್ಟೆಯೊಳಗೇ ನಿಂತಿದ್ದನು. ಪ್ರಕಟಣೆಗಳಲ್ಲಿ ಇಂಥ ಚಲಿಸುವ ಸೂಚನೆಗಳನ್ನಿಡಲು ಮಾರಾಟಗಾರರಿಗೆ ಕೊಟ್ಟಿದ್ದ ಅನುಮತಿಯನ್ನು ಈಬೇಯು ೨೦೧೭ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಬಳಕೆದಾರನು ಎಷ್ಟೇ ಎಚ್ಚರಿಕೆಯಿಂದಿದ್ದರೂ ಕಟ್ಟೆಯ ಯಜಮಾನನ ಎಚ್ಚರಿಕೆಯಿಲ್ಲದೆ ಪ್ರಯೋಜನವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯು ಬೇಕಿಲ್ಲ.

ಖಾತೆಯು ಕೈವಶವಾದ ಮೇಲೆ ಕಳ್ಳನು ಏನು ಮಾಡುವನೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯೋಣ. ಧಾರವಾಡದ ನಿವೃತ್ತ ಉಪಾಧ್ಯಾಯರೊಬ್ಬರು ಹತ್ತು ವರುಷಗಳಿಂದ ಹಳೆಯ ಅಂಚೆಚೀಟಿಗಳನ್ನೂ ನಾಣ್ಯಗಳನ್ನೂ ವಿದೇಶದ ಸಂಗ್ರಾಹಕರಿಗೆ ಮಾರುತ್ತಿದ್ದಾರೆಂದು ಇಟ್ಟುಕೊಳ್ಳಿ. ಅವರ ಹೆಸರಿನ ಮುಂದೆ ಎಂಟುನೂರು ಜನರ ಮೆಚ್ಚುಗೆಯ ಮಾತುಗಳಿವೆ, ಒಂದಾದರೂ ದೂರಿಲ್ಲ. ಒಂದು ರಾತ್ರಿ ಅವರ ಖಾತೆಯು ಪರರ ಪಾಲಾಗುತ್ತದೆ. ಕಳ್ಳನು ಮೊದಲು ಈಮೇಲ್ ವಿಳಾಸವನ್ನೂ ಮೊಬೈಲ್ ಸಂಖ್ಯೆಯನ್ನೂ ಬದಲಿಸಿ ಯಜಮಾನರು ಒಳಗೆ ಬರದಂತೆ ಬಾಗಿಲನ್ನು ಭದ್ರಪಡಿಸುತ್ತಾನೆ. ಅನಂತರ ಹಣ ಜಮೆಯಾಗಬೇಕಾದ ಬ್ಯಾಂಕಿನ ವಿವರವನ್ನು ತಿದ್ದುತ್ತಾನೆ. ಬೆಳಗಾಗುವುದರೊಳಗೆ ಅಂಚೆಚೀಟಿಗಳ ಜಾಗದಲ್ಲಿ ಕ್ಯಾಮೆರಾ, ಲ್ಯಾಪ್‌ಟಾಪು, ಚಿನ್ನದ ನಾಣ್ಯಗಳು ಅರ್ಧ ಬೆಲೆಗೆ ಮಾರಾಟಕ್ಕೆ ಬರುತ್ತವೆ. ಎಂಟುನೂರು ಮೆಚ್ಚುಗೆಗಳನ್ನು ಕಂಡು ಗಿರಾಕಿಗಳು ಸವಾಲಿನ ಮೇಲೆ ಸವಾಲು ಕೂಗುತ್ತಾರೆ. ಕೆಲವರಿಗೆ, ‘ಕಟ್ಟೆಯ ಹೊರಗೆ ನೇರವಾಗಿ ಹಣ ಕಳುಹಿಸಿದರೆ ಇನ್ನೂ ಸೋಡಿ ಕೊಡುವೆನು’ ಎಂಬ ಪತ್ರವೂ ಹೋಗುತ್ತದೆ. ಮೂರನೆಯ ದಿನ ಕಳ್ಳನು ಮಾಯವಾಗುತ್ತಾನೆ. ಸಾಮಾನು ಬಾರದ ಗಿರಾಕಿಗಳ ಶಾಪವೆಲ್ಲ ಉಪಾಧ್ಯಾಯರ ಹೆಸರಿಗೆ ತಗಲುತ್ತದೆ; ಮಾರಾಟದ ಕಮಿಷನ್ನಿನ ಬಿಲ್ಲೂ ಅವರ ಹೆಸರಿಗೇ ಬರುತ್ತದೆ.

ಇಲ್ಲಿ ನಷ್ಟಪಟ್ಟವರು ಇಬ್ಬರು: ಹೆಸರನ್ನು ಕಳೆದುಕೊಂಡವನು ಮತ್ತು ಹಣವನ್ನು ಕಳೆದುಕೊಂಡವನು. ಇಬ್ಬರೂ ನಿರ್ದೋಷಿಗಳು. ಕಳ್ಳನು ಅನೇಕ ವೇಳೆ ಬೇರೆ ದೇಶದಲ್ಲಿರುವುದರಿಂದ ಕೈಗೆ ಸಿಕ್ಕುವುದು ದುರ್ಲಭ. ಆಗ ಈ ಇಬ್ಬರು ನಿರ್ದೋಷಿಗಳು ಪರಸ್ಪರ ಜಗಳಕ್ಕಿಳಿಯುತ್ತಾರೆ. ಮೂರನೆಯವನಾದ ಹರಾಜುಕಟ್ಟೆಯ ಯಜಮಾನನು, ‘ನಾನು ಕೇವಲ ಮಧ್ಯಸ್ಥನು’ ಎಂದು ಬದಿಗೆ ಸರಿಯುತ್ತಾನೆ. ಬಾಗಿಲನ್ನು ಕಾಯುವವನು ಆತ. ಒಳಗೆ ಯಾರು, ಯಾವಾಗ, ಯಾವ ಊರಿನಿಂದ ಬಂದರೆಂಬ ದಾಖಲೆಯು ಆತನಲ್ಲಿ. ಪ್ರತಿ ಮಾರಾಟದಲ್ಲಿಯೂ ಪಾಲು ಆತನಿಗೆ. ಲಾಭದಲ್ಲಿ ಭಾಗಿಯಾದವನು ಹೊಣೆಯಲ್ಲಿ ಮಾತ್ರ ಭಾಗಿಯಲ್ಲವೆಂಬುದು ಯಾವ ನ್ಯಾಯ?

ಈ ಪ್ರಶ್ನೆಯನ್ನು ಜರ್ಮನಿಯ ಪರಮೋಚ್ಚ ನ್ಯಾಯಾಲಯವು ಎರಡು ಮೊಕದ್ದಮೆಗಳಲ್ಲಿ ವಿಚಾರ ಮಾಡಿದೆ. ಅವೆರಡೂ ಮನನ ಮಾಡತಕ್ಕವು. ೨೦೦೯ರ ಮಾರ್ಚಿಯಲ್ಲಿ ತೀರ್ಮಾನವಾದ ಮೊದಲನೆಯದರಲ್ಲಿ, ಗಂಡನ ಈಬೇ ಖಾತೆಯಿಂದ ಹೆಂಡತಿಯು ಹೆಸರಾಂತ ಕಂಪೆನಿಯೊಂದರ ಮಾದರಿಯ ಕಂಠಾಭರಣವನ್ನು ಮಾರಾಟಕ್ಕಿಟ್ಟಿದ್ದಳು. ಪ್ರವೇಶಪದವನ್ನು ಭದ್ರವಾಗಿಡದ ಗಂಡನು, ಆ ಕಂಪೆನಿಯ ಹಕ್ಕುಗಳಿಗೆ ಭಂಗ ಬಂದ ಮಟ್ಟಿಗೆ, ತಾನೇ ಆ ಕೆಲಸವನ್ನು ಮಾಡಿದವನಂತೆ ಹೊಣೆಗಾರನಾಗಬಲ್ಲನೆಂದು ನ್ಯಾಯಾಲಯವು ಹೇಳಿತು. ೨೦೧೧ರ ಮೇ ೧೧ರ ಎರಡನೆಯ ತೀರ್ಪಿನಲ್ಲಿ ಸಂಗತಿಯು ತಿರುವುಮುರುವಾಗಿತ್ತು. ಹೆಂಡತಿಯ ಖಾತೆಯಿಂದ ಅವಳಿಗೆ ತಿಳಿಯದಂತೆ ಗಂಡನು ಪಾನಗೃಹದ ಸಾಮಗ್ರಿಯನ್ನು ಒಂದು ಯೂರೋ ಆರಂಭದ ಬೆಲೆಗೆ ಹರಾಜಿಗಿಟ್ಟನು. ಒಬ್ಬನು ೧,೦೦೦ ಯೂರೋ ಸವಾಲು ಹಾಕಿದನು. ಮರುದಿನ ಹರಾಜು ರದ್ದಾಯಿತು. ಸವಾಲು ಹಾಕಿದವನು ೩೨,೮೨೦ ಯೂರೋ ನಷ್ಟಭರ್ತಿಯನ್ನು ಕೇಳಿದನು. ಆ ದಾವೆಯು ಬಿದ್ದುಹೋಯಿತು. ಪ್ರವೇಶಪದವನ್ನು ಭದ್ರವಾಗಿಡಲಿಲ್ಲವೆಂಬ ಒಂದೇ ಕಾರಣದಿಂದ ಒಬ್ಬನನ್ನು ಅವನು ಮಾಡದ ಕರಾರಿಗೆ ಕಟ್ಟಿಹಾಕಲಾಗದೆಂದೂ, ಖಾತೆಯಲ್ಲಿ ನಡೆದುದಕ್ಕೆಲ್ಲ ಸದಸ್ಯನೇ ಹೊಣೆಯೆಂದು ಹರಾಜುಕಟ್ಟೆಯು ಬರೆಸಿಕೊಂಡ ನಿಬಂಧನೆಯು ಕಟ್ಟೆಗೂ ಸದಸ್ಯನಿಗೂ ನಡುವಣ ಮಾತೇ ಹೊರತು ಗಿರಾಕಿಯು ಅದನ್ನು ಆಧಾರವಾಗಿ ಹಿಡಿಯಲಾರನೆಂದೂ ನ್ಯಾಯಾಲಯವು ಸ್ಪಷ್ಟಪಡಿಸಿತು. ಅಜಾಗ್ರತೆಯಿಂದ ಪರರ ಹಕ್ಕಿಗೆ ಧಕ್ಕೆ ತಂದವನ ಹೊಣೆ ಬೇರೆ, ಒಪ್ಪದ ಕರಾರಿನ ಹೊಣೆ ಬೇರೆ ಎಂಬ ಈ ವಿವೇಚನೆಯು ನಮಗೂ ಉಪಯುಕ್ತವಾದುದು.

ನಮ್ಮ ದೇಶದ ಕಾಯಿದೆಯು ಏನು ಹೇಳುತ್ತದೆ? ೧೯೩೦ರ ಸರಕು ಮಾರಾಟ ಕಾಯಿದೆಯ ೬೪ನೆಯ ಪ್ರಕರಣದಂತೆ, ಹರಾಜುಗಾರನು ಸುತ್ತಿಗೆಯನ್ನು ಬಡಿದಾಗ ಮಾರಾಟವು ಮುಗಿಯುತ್ತದೆ. ಎದುರಿಗೆ ನಿಂತು ಕೈಯೆತ್ತಿದವನನ್ನು ಹರಾಜುಗಾರನು ಕಣ್ಣಾರೆ ಕಾಣುತ್ತಿದ್ದ ಕಾಲದ ಮಾತು ಅದು. ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೧೧ನೆಯ ಪ್ರಕರಣವು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತದೆ. ವಿದ್ಯುನ್ಮಾನ ದಾಖಲೆಯು ಒಬ್ಬನದೆಂದು ಎಣಿಸಬೇಕಾದರೆ ಅದನ್ನು ಆತನೇ ಕಳುಹಿಸಿರಬೇಕು, ಇಲ್ಲವೇ ಆತನ ಅಧಿಕಾರ ಪಡೆದವನಾಗಲಿ ಆತನು ಏರ್ಪಡಿಸಿದ ಯಂತ್ರವಾಗಲಿ ಕಳುಹಿಸಿರಬೇಕು. ಕಳ್ಳನು ಕೂಗಿದ ಸವಾಲು ಈ ಮೂರರಲ್ಲಿ ಯಾವುದಕ್ಕೂ ಸೇರದು. ೨೦೦೮ರಲ್ಲಿ ತಿದ್ದುಪಡಿಯಾಗಿ ೨೦೦೯ರ ಅಕ್ಟೋಬರಿನಿಂದ ಜಾರಿಗೆ ಬಂದ ೬೬-ಸಿ ಪ್ರಕರಣದ ಮೇರೆಗೆ ಪರರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದೂ, ೬೬-ಡಿ ಪ್ರಕರಣದ ಮೇರೆಗೆ ಪರರ ವೇಷ ಹಾಕಿ ಕಂಪ್ಯೂಟರಿನ ಮೂಲಕ ವಂಚಿಸುವುದೂ ಮೂರು ವರುಷಗಳವರೆಗಿನ ಸೆರೆವಾಸಕ್ಕೂ ಒಂದು ಲಕ್ಷ ರೂಪಾಯಿಗಳವರೆಗಿನ ಜುಲ್ಮಾನೆಗೂ ಗುರಿಯಾದ ಅಪರಾಧಗಳು. ಅಪ್ಪಣೆಯಿಲ್ಲದೆ ಪರರ ಕಂಪ್ಯೂಟರನ್ನು ಹೊಕ್ಕವನಿಂದ ಐದು ಕೋಟಿ ರೂಪಾಯಿಗಳವರೆಗಿನ ಪರಿಹಾರವನ್ನು ಕೇಳಲು ರಾಜ್ಯದ ನಿರ್ಣಯಾಧಿಕಾರಿಯ ಮುಂದೆ ಹೋಗಲೂಬಹುದು.

ಹೀಗೆ ಕಾಯಿದೆಯ ಪುಸ್ತಕದಲ್ಲಿ ಮಾತುಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು ರುಜುವಾತಿನಲ್ಲಿ ಮತ್ತು ಕಾಲದಲ್ಲಿ. ‘ಸವಾಲು ಹಾಕಿದವನು ನಾನಲ್ಲ’ ಎಂದು ಉಪಾಧ್ಯಾಯರು ಹೇಗೆ ತೋರಿಸಿಕೊಡಬೇಕು? ಪ್ರವೇಶದ ದಾಖಲೆಯು ಅವರಲ್ಲಿಲ್ಲ. ಅದು ಕಟ್ಟೆಯ ಯಜಮಾನನ ಬಳಿಯಲ್ಲಿದೆ, ಅದೂ ಹಲವು ವೇಳೆ ಸಮುದ್ರದ ಆಚೆಯ ಯಂತ್ರಗಳಲ್ಲಿ. ೨೦೨೦ರ ಇ-ವಾಣಿಜ್ಯ ನಿಯಮಗಳಂತೆ ಗ್ರಾಹಕರ ದೂರನ್ನು ೪೮ ಗಂಟೆಗಳೊಳಗೆ ಸ್ವೀಕರಿಸಿ ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕು. ಹರಿದ ಸೀರೆ ಬಂದಿತೆಂಬ ದೂರಿಗೆ ಈ ಅವಧಿಯು ಸಾಕು. ಮನೆಗೆ ಬೆಂಕಿ ಬಿದ್ದಾಗ ತಿಂಗಳ ವಾಯಿದೆಯ ಮಾತನ್ನು ಯಾರು ಆಡುವರು? ಅಪಹೃತ ಖಾತೆಯಲ್ಲಿ ಒಂದೊಂದು ಗಂಟೆಗೂ ಹೊಸ ಗಿರಾಕಿಯು ಮೋಸ ಹೋಗುತ್ತಿರುವನು.

ಈ ವಿಷಯದಲ್ಲಿ ಅನುಸರಿಸತಕ್ಕ ಮಾರ್ಗವು ನಮ್ಮ ದೇಶದಲ್ಲಿಯೇ ಇದೆ; ಪರದೇಶಕ್ಕೆ ಹೋಗಬೇಕಾದುದಿಲ್ಲ. ಬ್ಯಾಂಕು ಖಾತೆಗಳಿಂದ ಗ್ರಾಹಕನ ಅಪ್ಪಣೆಯಿಲ್ಲದೆ ಹಣವು ಹೋದಾಗ ನಷ್ಟವು ಯಾರದೆಂಬುದನ್ನು ರಿಜರ್ವ್ ಬ್ಯಾಂಕು ೨೦೧೭ರ ಜುಲೈ ೬ರ ಸುತ್ತೋಲೆಯಲ್ಲಿ ಗೊತ್ತುಪಡಿಸಿತು. ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕನದೂ ಅಲ್ಲದೆ ಮೂರನೆಯವರದಾದಲ್ಲಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನಿಗೆ ನಷ್ಟವೇ ಇಲ್ಲ; ನಾಲ್ಕರಿಂದ ಏಳು ದಿನಗಳೊಳಗೆ ತಿಳಿಸಿದವನಿಗೆ ಮಿತವಾದ ನಷ್ಟ; ಹತ್ತು ಕೆಲಸದ ದಿನಗಳೊಳಗೆ ಹಣವನ್ನು ತಾತ್ಕಾಲಿಕವಾಗಿ ಜಮೆ ಮಾಡಬೇಕು; ತೊಂಬತ್ತು ದಿನಗಳೊಳಗೆ ದೂರನ್ನು ತೀರ್ಮಾನಿಸಬೇಕು. ಎಲ್ಲಕ್ಕಿಂತ ಮುಖ್ಯವಾದುದು, ಗ್ರಾಹಕನದೇ ತಪ್ಪೆಂದು ರುಜುವಾತುಪಡಿಸುವ ಭಾರವನ್ನು ಬ್ಯಾಂಕಿನ ಮೇಲೆಯೇ ಹೊರಿಸಲಾಯಿತು. ದಾಖಲೆಯು ಯಾರಲ್ಲಿದೆಯೋ ರುಜುವಾತಿನ ಭಾರವೂ ಅವರದೇ ಎಂಬ ಈ ತತ್ವವು ನ್ಯಾಯಸಮ್ಮತವಾದುದು. ಬ್ಯಾಂಕಿನಲ್ಲಿರುವ ಐದು ಸಾವಿರ ರೂಪಾಯಿಗಳಿಗೆ ಸಿಕ್ಕುವ ರಕ್ಷಣೆಯು ಹತ್ತು ವರುಷಗಳಲ್ಲಿ ಗಳಿಸಿದ ಹೆಸರಿಗೆ ಏಕೆ ಸಿಕ್ಕಬಾರದು?

ಇದಕ್ಕೆ ಕಟ್ಟೆಯ ಯಜಮಾನರು ಎರಡು ಆಕ್ಷೇಪಣೆಗಳನ್ನು ತರಬಹುದು. ಬಳಕೆದಾರರೇ ಅಜಾಗರೂಕರೆಂಬುದು ಒಂದು. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಹುಟ್ಟಿದ ದಿನವನ್ನೇ ಪಾಸ್‌ವರ್ಡನ್ನಾಗಿ ಮಾಡಿಕೊಂಡು ಅದನ್ನು ಎಲ್ಲ ಕಡೆಯಲ್ಲಿಯೂ ಬಳಸುವವನು ತನ್ನ ನಷ್ಟದ ಒಂದು ಪಾಲನ್ನು ತಾನೇ ಹೊರಬೇಕೆಂದರೆ ಅನ್ಯಾಯವಲ್ಲ. ಎರಡನೆಯ ಆಕ್ಷೇಪಣೆಯು ಇನ್ನೂ ಬಲವಾದುದು. ಹುಮ್ಮಸ್ಸಿನಲ್ಲಿ ಹೆಚ್ಚು ಸವಾಲು ಕೂಗಿ ಮರುದಿನ ಪಶ್ಚಾತ್ತಾಪಪಟ್ಟವನು, ‘ನನ್ನ ಖಾತೆಯನ್ನು ಯಾರೋ ಹ್ಯಾಕ್ ಮಾಡಿದರು’ ಎಂದು ನೆಪ ಹೇಳಿದರೆ ಗತಿಯೇನು? ಎಲ್ಲ ಹರಾಜುಗಳೂ ಗಾಳಿಗೋಪುರಗಳಾಗುವುವಲ್ಲವೆ? ನಿಜ. ಆದರೆ ಈ ನೆಪದ ಪೊಳ್ಳುತನವನ್ನು ಬಯಲಿಗೆಳೆಯುವ ಸಾಧನವೂ ಪ್ರವೇಶದ ದಾಖಲೆಯೇ. ಸವಾಲು ಬಂದದ್ದು ಎಂದಿನ ಫೋನಿನಿಂದ, ಎಂದಿನ ಊರಿನಿಂದ, ಎಂದಿನ ಹೊತ್ತಿನಲ್ಲಿ ಎಂದಾದರೆ ನೆಪವು ಬಿದ್ದುಹೋಗುವುದು. ಅಪರಿಚಿತ ಯಂತ್ರದಿಂದ, ಬೇರೆ ದೇಶದಿಂದ, ಅದೇ ಗಂಟೆಯಲ್ಲಿ ಈಮೇಲ್ ವಿಳಾಸವನ್ನು ಬದಲಿಸಿ ಬಂದದ್ದಾದರೆ ದೂರು ನಿಲ್ಲುವುದು. ಆದುದರಿಂದ ಈ ಆಕ್ಷೇಪಣೆಯು ದಾಖಲೆಯನ್ನು ಹೊರಗೆ ತರಬೇಕೆಂಬ ನಮ್ಮ ವಾದವನ್ನೇ ಪುಷ್ಟಿಗೊಳಿಸುತ್ತದೆ.

ಇದೆಲ್ಲ ಅಮೆರಿಕದ ಕಥೆ, ನಮಗೇನು ಎಂದು ಕೆಲವರು ಕೇಳಬಹುದು. ಈಬೇಯು ೨೦೦೪ರಲ್ಲಿ ‘ಬಾಝೀ’ ಎಂಬ ತಾಣವನ್ನು ಕೊಂಡು ಭಾರತಕ್ಕೆ ಬಂದಿತು. ೨೦೧೭ರಲ್ಲಿ ಅದರ ಭಾರತೀಯ ವ್ಯವಹಾರವು ಬೆಂಗಳೂರಿನ ಫ್ಲಿಪ್‌ಕಾರ್ಟಿನ ವಶವಾಯಿತು. ೨೦೧೮ರ ಆಗಸ್ಟಿನಲ್ಲಿ ಅದರ ಭಾರತದ ತಾಣವು ಮುಚ್ಚಿತು. ಆದರೂ ನಮ್ಮ ಮಾರಾಟಗಾರರು ಅದರ ಮೂಲಕ ವಿದೇಶಗಳಿಗೆ ಸರಕನ್ನು ಕಳುಹಿಸುತ್ತಿದ್ದಾರೆ. ಅದಕ್ಕಿಂತ ಮುಖ್ಯವಾಗಿ, ಹರಾಜು ಎಂಬುದೇ ಈಗ ನಮ್ಮಲ್ಲಿ ಅಂತರಜಾಲಕ್ಕೆ ಏರಿದೆ. ಕರ್ನಾಟಕದ ಕೃಷಿ ಮಾರುಕಟ್ಟೆಗಳ ಏಕೀಕೃತ ಜಾಲವು ೨೦೧೪ರಲ್ಲಿಯೂ, ಕೇಂದ್ರದ ಇ-ನಾಮ್ ೨೦೧೬ರ ಏಪ್ರಿಲ್ ೧೪ರಂದೂ ಆರಂಭವಾದವು. ಬೆಂಗಳೂರಿನ ಅಭಿವೃದ್ಧಿ ಪ್ರಾಧಿಕಾರದ ಮೂಲೆ ನಿವೇಶನಗಳೂ, ಬ್ಯಾಂಕುಗಳು ಜಪ್ತಿ ಮಾಡಿದ ಮನೆಗಳೂ ಇ-ಹರಾಜಿನಲ್ಲಿ ಮಾರಾಟವಾಗಿವೆ. ೨೦೧೯ರಲ್ಲಿ ಕರ್ನಾಟಕ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ತಾಣದಿಂದ ಗುತ್ತಿಗೆದಾರರ ಠೇವಣಿಯ ೧೧.೫ ಕೋಟಿ ರೂಪಾಯಿ ಅಪಹೃತವಾಗಿ ವಿಷಯವು ಸಿ.ಐ.ಡಿ. ತನಿಖೆಗೆ ಹೋದದ್ದನ್ನು ವಾಚಕರು ಮರೆತಿರಲಾರರು. ರಾಗಿ, ಅಡಕೆ, ನಿವೇಶನ, ಸರ್ಕಾರದ ಕಂಟ್ರಾಕ್ಟು, ಎಲ್ಲದರ ಸವಾಲೂ ಪಾಸ್‌ವರ್ಡಿನ ಹಿಂದೆ ನಿಂತಿರುವಾಗ ಬೀದಿಯಲ್ಲಿ ಹೋಗುವ ಮಾರಿಯು ಮನೆಯ ಹೊಸ್ತಿಲಿಗೇ ಬಂದಂತಾಯಿತು.

ಹಾಗಾದರೆ ಖಾತೆ ಕಳೆದುಕೊಂಡವನು ಮಾಡಬೇಕಾದುದೇನು? ಮೊಟ್ಟಮೊದಲು ಈಮೇಲನ್ನು ವಶಪಡಿಸಿಕೊಳ್ಳಬೇಕು. ಏಕೆಂದರೆ ಎಲ್ಲ ಖಾತೆಗಳ ಹೊಸ ಬೀಗದ ಕೈಯೂ ಬರುವುದು ಅಲ್ಲಿಗೇ. ಈಮೇಲು ಕಳ್ಳನ ಕೈಯಲ್ಲಿರುವಾಗ ಹರಾಜುಕಟ್ಟೆಯ ಪಾಸ್‌ವರ್ಡನ್ನು ಬದಲಿಸುವುದು ತೂತುಕೊಡಕ್ಕೆ ನೀರು ತುಂಬಿದಂತೆ. ಈ ಕೆಲಸವನ್ನು ಸೋಂಕಿಲ್ಲದ ಬೇರೊಂದು ಯಂತ್ರದಿಂದ ಮಾಡುವುದು ಲೇಸು. ಬಂದ ಪತ್ರಗಳನ್ನು ಬೇರೆ ವಿಳಾಸಕ್ಕೆ ಗುಟ್ಟಾಗಿ ರವಾನಿಸುವ ಏರ್ಪಾಡನ್ನು ಕಳ್ಳನು ಇಟ್ಟುಹೋಗಿರುವನೇ ಎಂದು ನೋಡಬೇಕು. ಮೊಬೈಲ್ ಫೋನು ಕಾರಣವಿಲ್ಲದೆ ಸ್ತಬ್ಧವಾಗಿದ್ದರೆ ಸಿಮ್ ಪರರ ಪಾಲಾಗಿರಬಹುದೆಂದು ಶಂಕಿಸಿ ಕಂಪೆನಿಯನ್ನು ವಿಚಾರಿಸಬೇಕು. ಅನಂತರ ಹರಾಜುಕಟ್ಟೆಯ ಪಾಸ್‌ವರ್ಡನ್ನು ಬದಲಿಸಿ, ತೆರೆದಿರುವ ಎಲ್ಲ ಪ್ರವೇಶಗಳನ್ನೂ ಕಡಿದುಹಾಕಿ, ವಿಳಾಸವನ್ನೂ ಬ್ಯಾಂಕಿನ ವಿವರವನ್ನೂ ಪರೀಕ್ಷಿಸಿ, ಕಳ್ಳನ ಮಾರಾಟಗಳನ್ನೂ ಸವಾಲುಗಳನ್ನೂ ರದ್ದುಪಡಿಸಬೇಕು. ಒಳಗೆ ಹೋಗಲಾಗದಿದ್ದರೆ ತಾಣದ ವಿಳಾಸವನ್ನು ತಾನೇ ಬೆರಳಚ್ಚು ಮಾಡಿ ಅದರ ಸಹಾಯವಿಭಾಗವನ್ನು ಸೇರಬೇಕು. ಹುಡುಕುಯಂತ್ರವು ತೋರಿಸುವ ದೂರವಾಣಿ ಸಂಖ್ಯೆಗಳನ್ನೂ, ಹಣ ಕೊಟ್ಟರೆ ಖಾತೆಯನ್ನು ಬಿಡಿಸಿಕೊಡುವೆವೆಂಬ ದಲಾಲರನ್ನೂ ನಂಬತಕ್ಕದ್ದಲ್ಲ.

ಹಣವು ಹೋಗಿದ್ದಲ್ಲಿ ಬ್ಯಾಂಕಿಗೆ ತಿಳಿಸಿ ೧೯೩೦ ಸಂಖ್ಯೆಗೆ ಕೂಡಲೇ ಕರೆ ಮಾಡಬೇಕು. ಹಣವು ಖಾತೆಯಿಂದ ಖಾತೆಗೆ ಹಾರಿಹೋಗುವ ಮೊದಲೇ ಅದನ್ನು ತಡೆಯುವ ಉದ್ದೇಶದಿಂದಲೇ ಆ ಏರ್ಪಾಡು ಆಗಿರುವುದು. ಪುಟಗಳ ಚಿತ್ರಗಳನ್ನೂ, ಬಂದ ಪತ್ರಗಳನ್ನೂ, ಗಂಟೆ ನಿಮಿಷಗಳ ಸಹಿತವಾಗಿ ಕಾಪಾಡಿಟ್ಟುಕೊಳ್ಳಬೇಕು. ನಾಳೆ ನ್ಯಾಯಾಲಯದಲ್ಲಿ ಮಾತನಾಡುವುದು ಅವೇ. ೨೦೦೧ರಲ್ಲಿಯೇ ಸೈಬರ್ ಅಪರಾಧಗಳಿಗಾಗಿ ಪ್ರತ್ಯೇಕ ಪೊಲೀಸ್ ಠಾಣೆಯನ್ನು ಪಡೆದ ನಗರ ಬೆಂಗಳೂರು. ಈಗ ಜಿಲ್ಲೆಗಳಲ್ಲಿಯೂ ಇಂಥ ಠಾಣೆಗಳಿವೆ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೭೩ನೆಯ ಪ್ರಕರಣದಂತೆ, ಅಪರಾಧವು ಎಲ್ಲಿಯೇ ನಡೆದಿರಲಿ, ಮಾಹಿತಿಯನ್ನು ಯಾವ ಠಾಣೆಯಲ್ಲಿಯಾದರೂ ಕೊಡಬಹುದು. ‘ಇದು ನಮ್ಮ ಸರಹದ್ದಿಗೆ ಸೇರದು’ ಎಂಬ ಹಳೆಯ ಉತ್ತರವನ್ನು ಅಧಿಕಾರಿಗಳು ಇನ್ನು ಮುಂದೆ ಬಿಡುವುದು ಲೇಸು.

ಕೊಳ್ಳುವವನಿಗೂ ಎರಡು ಮಾತು. ವರುಷಗಟ್ಟಲೆ ಪುಸ್ತಕ ಮಾರುತ್ತಿದ್ದ ಖಾತೆಯು ಒಂದೇ ದಿನದಲ್ಲಿ ಚಿನ್ನ ಮಾರಲು ತೊಡಗಿದರೆ, ಬೆಲೆಯು ನಂಬಲಾರದಷ್ಟು ಇಳಿದಿದ್ದರೆ, ಹಣವನ್ನು ಕಟ್ಟೆಯ ಹೊರಗೆ ಕಳುಹಿಸೆಂದು ಕೇಳಿದರೆ, ಈ ಮೂರರಲ್ಲಿ ಯಾವುದೊಂದನ್ನು ಕಂಡರೂ ಕೈ ಹಿಂದೆಗೆಯುವುದೇ ಜಾಣತನ. ಪ್ರತಿಯೊಬ್ಬನೂ ಒಂದೊಂದು ತಾಣಕ್ಕೆ ಒಂದೊಂದು ಪಾಸ್‌ವರ್ಡನ್ನಿಟ್ಟು, ಎರಡನೆಯ ಬೀಗವನ್ನೂ ಹಾಕಬೇಕು. ಒಟಿಪಿಯು ಏನೂ ಇಲ್ಲದ್ದಕ್ಕಿಂತ ಮೇಲು; ಆದರೆ ನಕಲಿ ಪುಟದಲ್ಲಿ ಅದನ್ನೂ ಬರೆದುಕೊಟ್ಟು ಕೆಟ್ಟವರುಂಟು. ಅಸಲಿ ತಾಣಕ್ಕೆ ಮಾತ್ರ ಉತ್ತರ ಕೊಡುವ ‘ಪಾಸ್‌ಕೀ’ ಎಂಬ ಹೊಸ ವಿಧಾನವು ಈ ದೋಷದಿಂದ ಮುಕ್ತವಾದುದು.

ಆದರೆ ಪ್ರಜೆಗಳ ಎಚ್ಚರಿಕೆಯೊಂದರಿಂದಲೇ ಕೆಲಸವು ಕೈಗೂಡದು. ಅಮೆರಿಕದಲ್ಲಿ ೨೦೨೩ರ ಜೂನ್ ೨೭ರಿಂದ ಜಾರಿಯಲ್ಲಿರುವ ಕಾಯಿದೆಯೊಂದು ಹೆಚ್ಚಿನ ವ್ಯಾಪಾರ ಮಾಡುವ ಮಾರಾಟಗಾರರ ಬ್ಯಾಂಕಿನ ವಿವರವನ್ನೂ ಗುರುತನ್ನೂ ಪರಿಶೀಲಿಸಬೇಕೆಂದು ತಾಣಗಳಿಗೆ ವಿಧಿಸಿದೆ. ನಮ್ಮಲ್ಲಿ ೨೦೨೩ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ದತ್ತಾಂಶವನ್ನು ಭದ್ರವಾಗಿಡದ ಸ್ವಾಮಿಗಳಿಗೆ ೨೫೦ ಕೋಟಿ ರೂಪಾಯಿಗಳವರೆಗೆ ದಂಡವನ್ನು ಗೊತ್ತುಮಾಡಿದೆ. ಅದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾದವು, ಮುಖ್ಯ ಕರ್ತವ್ಯಗಳಿಗೆ ಹದಿನೆಂಟು ತಿಂಗಳ ಗಡುವನ್ನು ಕೊಡಲಾಯಿತು. ಇದು ಒಳ್ಳೆಯದೇ, ಆದರೆ ದಂಡವು ಬೊಕ್ಕಸಕ್ಕೆ ಹೋಗುವುದರಿಂದ ಉಪಾಧ್ಯಾಯರ ಹೆಸರು ಮರಳಿ ಬಾರದು. ಆದುದರಿಂದ ಸರ್ಕಾರವು ಹರಾಜುಕಟ್ಟೆಗಳಿಗೆ ನಾಲ್ಕು ಕರ್ತವ್ಯಗಳನ್ನು ಸ್ಪಷ್ಟವಾಗಿ ವಿಧಿಸಬೇಕು. ಖಾತೆ ಕಳುವಾಯಿತೆಂಬ ದೂರು ಬಂದ ಗಂಟೆಯೊಳಗೆ ಆ ಖಾತೆಯ ವ್ಯವಹಾರವನ್ನು ನಿಲ್ಲಿಸುವುದು, ಅದಕ್ಕಾಗಿ ಮನುಷ್ಯರೇ ಉತ್ತರ ಕೊಡುವ ದೂರವಾಣಿಯನ್ನಿಡುವುದು ಒಂದು. ಬ್ಯಾಂಕಿನ ವಿವರವಾಗಲಿ ಈಮೇಲಾಗಲಿ ಬದಲಾದಾಗ ಹಳೆಯ ವಿಳಾಸಕ್ಕೂ ತಿಳಿಸಿ, ಕೆಲವು ದಿನಗಳವರೆಗೆ ಹಣವನ್ನು ಬಿಡುಗಡೆ ಮಾಡದಿರುವುದು ಎರಡು. ಅಪಹರಣವು ಸ್ಥಿರಪಟ್ಟಾಗ ಆ ಅವಧಿಯ ದೂರುಗಳನ್ನೂ ಕಮಿಷನ್ನನ್ನೂ ಅಳಿಸಿ ಹೆಸರನ್ನು ಮೊದಲಿನಂತೆ ಮಾಡಿಕೊಡುವುದು ಮೂರು. ಪ್ರವೇಶದ ದಾಖಲೆಯನ್ನು ಕಾಪಾಡಿ ಖಾತೆದಾರನಿಗೂ ಪೊಲೀಸರಿಗೂ ಒದಗಿಸುವುದು, ಒದಗಿಸದಿದ್ದಲ್ಲಿ ರುಜುವಾತಿನ ಭಾರವನ್ನು ತಾನೇ ಹೊರುವುದು ನಾಲ್ಕು.

ಇವುಗಳಲ್ಲಿ ಅಸಾಧ್ಯವಾದುದು ಒಂದೂ ಇಲ್ಲ. ಬ್ಯಾಂಕುಗಳ ಮೇಲೆ ಇಂಥದೇ ಭಾರವು ಬಿದ್ದಾಗ ಬ್ಯಾಂಕುಗಳೇನೂ ಮುಚ್ಚಿಹೋಗಲಿಲ್ಲ. ಸಂತೆಯ ಸುಂಕವನ್ನು ಎತ್ತುವವನು ಸಂತೆಯ ಕಾವಲನ್ನೂ ಮಾಡಬೇಕು. ತನ್ನ ಸಂತೆಯಲ್ಲಿ ಪ್ರಾಮಾಣಿಕನ ಹೆಸರನ್ನು ಹೊದ್ದು ಕಳ್ಳನು ವ್ಯಾಪಾರ ಮಾಡುತ್ತಿರುವಾಗ ಸುಂಕವನ್ನು ಮಾತ್ರ ಎಣಿಸಿಕೊಳ್ಳುತ್ತ ಕುಳಿತಿರಲು ಯಾವ ಯಜಮಾನನಿಗೂ ಅವಕಾಶವಿರಬಾರದು. ಹೆಸರು ಉಳಿದರೆ ಪತ್ತು ಉಳಿದೀತು. ಪತ್ತು ಉಳಿದರೆ ವ್ಯಾಪಾರವು ಉಳಿದೀತು. ಈ ಮಾತನ್ನು ಹರಾಜುಕಟ್ಟೆಗಳ ಯಜಮಾನರೂ ನಮ್ಮ ಅಧಿಕಾರವರ್ಗದವರೂ ಮುಂದಿನ ದೊಡ್ಡ ಕಳವಿಗೆ ಕಾದಿರದೆ ಈಗಲೇ ಮನಸ್ಸಿಗೆ ತಂದುಕೊಳ್ಳುವರೆಂದು ಆಶಿಸುತ್ತೇವೆ.